ಬೀಗದಕೈ ಮನೆಯೊಳಗಿದೆ, ಬಾಗಿಲು ತೆಗೆದು ತಗೊಳ್ಳಿ

ನನಗೊಬ್ಬ ಗೆಳೆಯನಿದ್ದಾನೆ. ಹುಟ್ಟಿನಿಂದ ಕಣ್ಣು ಕಾಣದು. ನನ್ನ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಫೋನಿನಲ್ಲೇ ದಾರಿಗೆ ತರುವವನು ಅವನೇ. "ಅದಲ್ಲ ಮಾರಾಯ, ಟ್ಯಾಬ್ ಎರಡು ಸಲ ಒತ್ತು" ಎಂದು ಬೈಯುತ್ತಾನೆ. ಒತ್ತುತ್ತೇನೆ. ಸರಿಹೋಗುತ್ತದೆ.

ಅವನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಹೊಸ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಬೇಕಾದಾಗ ಮಾತ್ರ ನನಗೆ ಬುಲಾವ್. ನನ್ನ ಅರ್ಹತೆ? ಎರಡು ಕಣ್ಣು. ವಿದ್ಯೆ ಅವನದು, ಕಣ್ಣು ನನ್ನದು. ಯಂತ್ರ ಮರ್ಯಾದೆ ಕೊಡುವುದು ಕಣ್ಣಿಗೆ.

ಪರದೆಯಲ್ಲಿ ಇರುವುದನ್ನು ನಾನು ಓದುತ್ತೇನೆ. ಯಾವ ಪಾರ್ಟಿಷನ್ ಅಳಿಸಬೇಕೆಂದು ಅವನು ಹೇಳುತ್ತಾನೆ. ನಾನು ಒಂದು ಸಾಲು ತಪ್ಪಿ ಓದಿದರೆ ಅವನ ಹತ್ತು ವರ್ಷದ ಕಡತಗಳು ಗೋವಿಂದ. ಇದಕ್ಕೆ ನೆರವು ಎಂದು ಹೆಸರು.

ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಇಲ್ಲವೇ? ಇದೆ. ಆದರೆ ಬಹಳಷ್ಟು ಸಲ ಓಎಸ್ ಕೂತ ಮೇಲೆಯೇ ಬಾಯಿ ಬಿಡುತ್ತದೆ. ಬೀಗದಕೈ ಮನೆಯೊಳಗಿದೆ, ಬಾಗಿಲು ತೆಗೆದು ಬಂದು ಎತ್ತಿಕೊಳ್ಳಿ ಎಂದ ಹಾಗೆ.

ವಿಂಡೋಸ್‌ಗೆ 'ನ್ಯಾರೇಟರ್' ಬಂದದ್ದು 2000ದಲ್ಲಿ. ಅದು ಇನ್‌ಸ್ಟಾಲ್ ಮಾಡುವ ಪರದೆಯವರೆಗೆ ನಡೆದು ಬರುವಷ್ಟರಲ್ಲಿ 2017 ಆಯಿತು. ಅಷ್ಟರಲ್ಲಿ ಒಂದು ಮಗು ಹುಟ್ಟಿ, ಬೆಳೆದು, ಪಿಯುಸಿಗೆ ಸೇರಿತ್ತು. ಈಗಲೂ ಸೌಂಡ್ ಡ್ರೈವರ್ ಸಿಕ್ಕರೆ ಮಾತು, ಸಿಗದಿದ್ದರೆ ಮೌನವ್ರತ.

ಅದೇ 2017ರಲ್ಲಿ ಇನ್ನೊಂದು ತಮಾಷೆ. ವಿಂಡೋಸ್ 10ರ ಹೊಸ ಯಂತ್ರ ಆನ್ ಮಾಡಿದರೆ ಕೊರ್ಟಾನಾ ಎಂಬ ಹೆಣ್ಣುದನಿ ತಾನಾಗಿಯೇ ಸ್ವಾಗತ ಭಾಷಣ ಶುರುಮಾಡುತ್ತಿತ್ತು. ಒಟ್ಟಿಗೆ ಹತ್ತಾರು ಯಂತ್ರ ಸಜ್ಜುಗೊಳಿಸುವ ಆಫೀಸುಗಳಲ್ಲಿ ಸಂತೆಯೋ ಸಂತೆ. ಕಣ್ಣಿದ್ದವರಿಗೆ ಕಿರಿಕಿರಿಯಾಯಿತು. 2019ರಲ್ಲೇ ಪ್ರೊ, ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಆ ಬಾಯಿ ಮುಚ್ಚಿಸಲಾಯಿತು.

ಕಣ್ಣಿದ್ದವರ ಕಿರಿಕಿರಿಗೆ ಪರಿಹಾರ: 2 ವರ್ಷ. ಕಣ್ಣಿಲ್ಲದವರ ಅಗತ್ಯಕ್ಕೆ: 17 ವರ್ಷ. ಮಗ್ಗಿ ಬರುವ ಎಲ್ಲರಿಗೂ ಅರ್ಥವಾಗುವ ಲೆಕ್ಕ.

ಇನ್‌ಸ್ಟಾಲ್ ಪರದೆಯನ್ನು ಮಾತಾಡಿಸುವುದು ಅಷ್ಟು ಕಷ್ಟದ ಕೆಲಸವೇ? ಡೆಬಿಯನ್ ಎಂಬ ಲಿನಕ್ಸ್ ಇದೆ. ಕಟ್ಟಿದವರು ಬಹುಪಾಲು ಸ್ವಯಂಸೇವಕರು. ಪೆನ್‌ಡ್ರೈವ್ ಚುಚ್ಚಿ ಕಾದರೆ ಬೀಪ್ ಎನ್ನುತ್ತದೆ. ಹಳೆಯ ಬಯಾಸ್ ಯಂತ್ರವಾದರೆ ಒಂದು ಸಲ, ಹೊಸ ಯುಇಎಫ್‌ಐ ಆದರೆ ಎರಡು ಸಲ. 'ಎಸ್' ಒತ್ತಿ ಎಂಟರ್ ಹೊಡೆದರೆ ಮಾತು ಶುರು. 2013ರ ಆವೃತ್ತಿಯಲ್ಲೇ ಈ ಮಾತು ಬಂದಿತ್ತು. ಪುಕ್ಕಟೆಯಾಗಿ. ಲಾಭ ಬಯಸದವರಿಗೆ ಹೊಳೆದದ್ದು ಲಾಭದಲ್ಲಿ ಮುಳುಗಿದವರಿಗೆ ತಡವಾಗಿ ಕೇಳಿಸಿತು.

ಇನ್ನು ಯಂತ್ರ ಆನ್ ಆದೊಡನೆ, ಓಎಸ್‌ಗೂ ಮೊದಲು ಬರುವ ಆ ಬಯಾಸ್ ಪರದೆ. ಬಹುತೇಕ ಯಂತ್ರಗಳಲ್ಲಿ ಅದು ಇಂದಿಗೂ ಮೂಗಿ. ರ‍್ಯಾಮ್ ಸಡಿಲವಾದರೆ ಮಾತ್ರ ಬೀಪ್ ಬೀಪ್ ಎಂದು ಬೊಬ್ಬೆ. ತನ್ನ ಹೊಟ್ಟೆನೋವಿಗೆ ದನಿ ಇದೆ. ಪರರ ಕಷ್ಟಕ್ಕಿಲ್ಲ.

ನಮ್ಮ ಸರ್ಕಾರಗಳೇನೂ ಕೈಕಟ್ಟಿ ಕೂತಿಲ್ಲ. ಹೆಸರು ಬದಲಾಯಿಸುತ್ತಿವೆ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, ದಿವ್ಯಾಂಗರೂ ಆದರು. ದಿನಬಳಕೆಯ ಎಲೆಕ್ಟ್ರಾನಿಕ್ ಸಾಮಾನು ಎಲ್ಲರೂ ಬಳಸುವಂತಿರಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಡಿಜಿಟಲ್ ಸೇವೆ ಕೈಗೆಟಕುವುದು ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರೂ ಹೇಳುತ್ತಾರೆ. ಹೇಳದಿರುವುದು ಪರದೆ ಒಂದೇ.

ನಮ್ಮ ರಾಜ್ಯದಲ್ಲಿ ಅಂಧ ವಿದ್ಯಾರ್ಥಿಗಳಿಗೆ 'ಟಾಕಿಂಗ್ ಲ್ಯಾಪ್‌ಟಾಪ್' ಕೊಡುವ ಯೋಜನೆಯಿದೆ. ಒಳ್ಳೆಯದೇ. ಆದರೆ ವೈರಸ್ ಹೊಕ್ಕು ಫಾರ್ಮ್ಯಾಟ್ ಮಾಡುವ ದಿನ ಅದು ಮಾತಾಡೀತೆಂಬುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಹಾರ ಹಾಕಿ ಹಸ್ತಾಂತರಿಸಿದ ಫೋಟೋ ಮಾತ್ರ ಶಾಶ್ವತ.

ಕಳೆದ ತಿಂಗಳು ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಹುಡುಗ ನನ್ನ ಮುಖ ನೋಡಿ ಕೇಳಿದ: "ಅವ್ರಿಗೆ ಯಾವ ಓಎಸ್ ಬೇಕಂತೆ ಸಾರ್?" ಗೆಳೆಯ ಪಕ್ಕದಲ್ಲೇ ನಿಂತಿದ್ದ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ವಾಪಸ್ ಬಂದೆವು. ಮನೆಯಲ್ಲೇ ಹಾಕಿದೆವು.

ಕೊನೆಗೆ ಪಾಸ್‌ವರ್ಡ್ ಕೇಳುವ ಪರದೆ ಬಂತು. ಕರ್ಸರ್ ಎಲ್ಲಿ ನಿಂತಿದೆಯೋ ಅವನಿಗೆ ತಿಳಿಯದು. ಗಟ್ಟಿಯಾಗಿ ಹೇಳಿದ, ನಾನು ಒತ್ತಿದೆ. ಪರದೆ ಒಂದೊಂದೇ ಚುಕ್ಕೆ ಮೂಡಿಸಿತು. ಪಕ್ಕದಲ್ಲಿದ್ದವರಿಗೆ ಗುಟ್ಟು ಕಾಣಬಾರದಲ್ಲ!

ಐದು ನಿಮಿಷಕ್ಕೆ ಸ್ಕ್ರೀನ್ ರೀಡರ್ ಮಾತಾಡತೊಡಗಿತು. ಗೆಳೆಯ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಮೊದಲು ಮಾಡಿದ ಕೆಲಸ, ಪಾಸ್‌ವರ್ಡ್ ಬದಲಿಸಿದ್ದು.