ಕಿವಿಗೆ ಬೀಜ ಅಂಟಿಸುವ ಚಿಕಿತ್ಸಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಅಡಿಕೆ ಸುಗ್ಗಿ ಮುಗಿಯುತ್ತ ಬಂದಂತೆ ನಮ್ಮ ಮಲೆನಾಡಿನ ಊರುಗಳಲ್ಲಿ ನಿಮ್ಮ ಶಿಬಿರದ ಕರಪತ್ರ ಕೈಗೆ ಬರುತ್ತದೆ. ಸರಿಯಾದ ಹೊತ್ತಿಗೇ ಬರುತ್ತೀರಿ. ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ರಾತ್ರಿಯವರೆಗೂ ಹಸಿ ಅಡಿಕೆ ಸುಲಿದ ಹೆಂಗಸರು ಸೊಂಟನೋವಿನಿಂದ ಗೋಡೆ ಹಿಡಿದು ಏಳುವ ಕಾಲವದು. ನಿಮ್ಮ ಮುಂದೆ ಸಾಲುಗಟ್ಟುವವರು ಅವರೇ. ಈ ಪತ್ರವನ್ನೂ ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸ್ಪಿರಿಟ್ ಹತ್ತಿಯಿಂದ ಕಿವಿ ಒರೆಸುತ್ತೀರಿ. ಮೊಂಡು ತುದಿಯ ಕಡ್ಡಿ ಹಿಡಿದು ಒಳಮಡಿಕೆಯ ಉದ್ದಕ್ಕೂ ಒತ್ತುತ್ತ, "ಇಲ್ಲಿ ನೋಯ್ತದಾ ಅಮ್ಮ?" ಅನ್ನುತ್ತೀರಿ. "ಹಾಂ, ಅಲ್ಲೇ" ಅಂದ ಕಡೆ ಸಾಸಿವೆ ಗಾತ್ರದ ಕಪ್ಪು ಬೀಜವಿರುವ ಚೌಕದ ಪ್ಲಾಸ್ಟರ್ ಅಂಟಿಸುತ್ತೀರಿ. ದಿನಕ್ಕೆ ಮೂರು ಹೊತ್ತು, ಕಿವಿ ಕೆಂಪಗಾಗಿ ಬಿಸಿಯೇರುವ ತನಕ ಒತ್ತಿಕೊಳ್ಳಲು ಹೇಳಿ ಕಳಿಸುತ್ತೀರಿ. ಮನೆಯಲ್ಲಿ ಯಾರೂ ಕೇಳದ ನೋವನ್ನು ನೀವು ಕೂರಿಸಿಕೊಂಡು ಕೇಳುತ್ತೀರಿ. ಅದು ಸಣ್ಣ ಮಾತಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಅಷ್ಟು ವ್ಯವಧಾನ ಸಿಗುವುದಿಲ್ಲ.

ಆದರೆ ಕರಪತ್ರದಲ್ಲಿ ಇದನ್ನು ಐದು ಸಾವಿರ ವರ್ಷದ ವಿದ್ಯೆ ಎಂದು ಯಾಕೆ ಬರೆಸುತ್ತೀರಿ? ಗಣಪತಿಯ ಮುಂದೆ ಕಿವಿ ಹಿಡಿದು ಹೊಡೆಯುವ ಬಸ್ಕಿಯನ್ನು ಯಾಕೆ ಸಾಕ್ಷಿಗೆ ಎಳೆಯುತ್ತೀರಿ? ನಿಮ್ಮ ಗೋಡೆಯ ಮೇಲಿನ ಚಿತ್ರ, ಕಿವಿಯೊಳಗೆ ತಲೆಕೆಳಗಾಗಿ ಮಲಗಿದ ಶಿಶು, ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಪೌಲ್ ನೋಜಿಯೆ ಅವರದು. ಸಯಾಟಿಕಾಕ್ಕೆಂದು, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರನೋವಿಗೆಂದು, ನಾಟಿ ಚಿಕಿತ್ಸೆಯಲ್ಲಿ ಕಿವಿಗೆ ಬರೆ ಹಾಕಿಸಿಕೊಂಡ ರೋಗಿಗಳನ್ನು ಅವರು 1950ರ ದಶಕದಲ್ಲಿ ಕಂಡರು. ಬರೆ ಬಿದ್ದ ಜಾಗ ಗಮನಿಸುತ್ತ ಹೋಗಿ, ಕಿವಿಯ ಬಿಂದುಗಳ ನಕ್ಷೆಯನ್ನು 1957ರಲ್ಲಿ ಪ್ರಕಟಿಸಿದರು. ಅದು ಚೀನಾ ತಲುಪಿ ಅಲ್ಲಿನ ಚಿಕಿತ್ಸಾಪದ್ಧತಿಯೊಂದಿಗೆ ಬೆರೆಯಿತು. ರೋಗಿಯ ಮೈಯನ್ನು ಕಣ್ಣಿಟ್ಟು ನೋಡಿದ ಒಬ್ಬ ವೈದ್ಯನ ಕತೆಯಿದು. ಹೇಳಿಕೊಳ್ಳಲು ಸಂಕೋಚಪಡುವಂಥದ್ದು ಅದರಲ್ಲೇನಿದೆ?

ಪುರಾವೆಯ ವಿಷಯದಲ್ಲೂ ಇಷ್ಟೇ ನೇರವಾಗಿ ಮಾತಾಡಿ. ನೋವಿನ ಬಗ್ಗೆ ಜಗತ್ತಿನ ತಿಳಿವಳಿಕೆಯನ್ನೇ ಬದಲಿಸಿದವರು ರೊನಾಲ್ಡ್ ಮೆಲ್ಜಾಕ್. ಅವರೂ ಸಹಸಂಶೋಧಕ ಜೋಯಲ್ ಕಾಟ್ಜ್ ಅವರೂ ದೀರ್ಘಕಾಲದ ನೋವಿದ್ದ 36 ಮಂದಿಯ ಕಿವಿಯ ಬಿಂದುಗಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ನೋಡಿ, 1984ರಲ್ಲಿ ವರದಿ ಮಾಡಿದರು. ನಕ್ಷೆ ಹೇಳಿದ ಬಿಂದುವಿಗೆ ಕೊಟ್ಟರೂ ಸಂಬಂಧವಿಲ್ಲದ ಬಿಂದುವಿಗೆ ಕೊಟ್ಟರೂ, ಬರೀ ಕೊಟ್ಟಂತೆ ಮಾಡಿದರೂ ಫಲ ಬೇರೆಯಾಗಲಿಲ್ಲ. ಆಮೇಲೆ ಅಮೆರಿಕ, ಹಾಂಗ್‌ಕಾಂಗ್‌ಗಳಲ್ಲಿ ಬೀಜ, ಅಯಸ್ಕಾಂತದ ಗುಳಿಗೆಗಳನ್ನು ಅಂಟಿಸಿ ನಡೆಸಿದ ಪ್ರಯೋಗಗಳಲ್ಲಿ ಸೊಂಟನೋವು ತಗ್ಗಿದ್ದೂ ಕಂಡಿದೆ. ಆದರೆ ಅವು ಚಿಕ್ಕ ಪ್ರಯೋಗಗಳು, ಗಮನಿಸಿದ ಅವಧಿಯೂ ಕಡಿಮೆ. ಅಂದರೆ ಕೆಲವರಿಗೆ ಸ್ವಲ್ಪ ಹಗುರವಾಗಬಹುದು, ಅಪಾಯ ಕಡಿಮೆ. ಇಷ್ಟನ್ನೇ ಹೇಳಿದರೂ ಜನ ನಿಮ್ಮಲ್ಲಿಗೆ ಬರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮಸಾಜು ಅದರಲ್ಲಿವೆ, ಸೂಜಿ ಚಿಕಿತ್ಸೆಗೂ ಜಾಗವಿದೆ. ನಿಮ್ಮ ಮೇಜಿನ ಮೇಲೆ ಮಾರಾಟಕ್ಕಿಟ್ಟ ಸೊಂಟದ ಬೆಲ್ಟು ಮಾತ್ರ ಬೇಡದ್ದರ ಪಟ್ಟಿಯಲ್ಲಿದೆ. ದಯವಿಟ್ಟು ಅದನ್ನು ಮಾರಬೇಡಿ, ಅದಕ್ಕೆ ಹೋಗುವುದು ಕೂಲಿಯ ದುಡ್ಡು.

ನನಗೆ ಸಿಟ್ಟು ಬರುವುದು ಕರಪತ್ರದ ಕೊನೆಯ ಸಾಲಿಗೆ: "ಮಾತ್ರೆ ಬೇಡ, ಸ್ಕ್ಯಾನಿಂಗ್ ಬೇಡ, ಡಾಕ್ಟರು ಬೇಡ." ಸಂಜೆ ಸಂಜೆ ಜ್ವರ ಬಂದು, ತೂಕ ಇಳಿಯುತ್ತ, ಬೆನ್ನುಮೂಳೆ ನೋಯುತ್ತಿದ್ದರೆ ಅದು ಮೂಳೆಯ ಕ್ಷಯವಿರಬಹುದು. ಮೂತ್ರ ಕಟ್ಟಿದ್ದರೆ, ತೊಡೆಸಂದಿ ಜೋಮು ಹಿಡಿದಿದ್ದರೆ, ಕಾಲಿನ ಶಕ್ತಿ ಕುಂದಿದ್ದರೆ ನರ ಒತ್ತಿಕೊಂಡಿರಬಹುದು. ಅವತ್ತೇ ಆಸ್ಪತ್ರೆ ಸೇರಬೇಕು. ಇಂಥವರ ಕಿವಿಗೂ ನೀವು ಬೀಜ ಅಂಟಿಸಿ "ಮುಂದಿನ ವಾರ ಬನ್ನಿ" ಎಂದು ಕಳಿಸಿದರೆ, ಆ ಒಂದು ವಾರದಲ್ಲಿ ಕಾಲೇ ಹೋಗಬಹುದು.

ಪ್ಲಾಸ್ಟರ್ ಕತ್ತರಿಸುವ ಮೊದಲು ಈ ನಾಲ್ಕು ಮಾತು ಕೇಳಿ: ಜ್ವರ ಬರ್ತದಾ, ತೂಕ ಇಳಿದಿದೆಯಾ, ಮೂತ್ರಕ್ಕೆ ತೊಂದರೆಯಿದೆಯಾ, ತೊಡೆಸಂದಿ ಜೋಮು ಹಿಡಿದಿದೆಯಾ ಇಲ್ಲಾ ಕಾಲಿನ ಶಕ್ತಿ ಕುಂದಿದೆಯಾ. ಯಾವುದಕ್ಕೆ "ಹೌದು" ಅಂದರೂ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಡಿ. ಉಳಿದವರಿಗೆ ಬೀಜ ಅಂಟಿಸಿ. ಜೊತೆಗೆ ಅಡಿಕೆ ಸುಲಿಸುವ ಮನೆಯವರಿಗೆ ಒಂದು ಮಾತು ಹೇಳಿ: ಒಂದೇ ಭಂಗಿಯಲ್ಲಿ ಅಷ್ಟು ಹೊತ್ತು ಕೂರಿಸಬೇಡಿ, ನಡುನಡುವೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಬರಲಿ, ಆ ಹೊತ್ತಿಗೆ ಕೂಲಿ ಮುರಿಯಬೇಡಿ. ಸುಲಿಯುವ ಹೆಂಗಸು ಹೇಳಿದರೆ ಯಾರೂ ಕೇಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾರೆ.

ಮುಂದಿನ ಕರಪತ್ರ ಅಚ್ಚಿಗೆ ಹೋಗುವ ಮುಂಚೆ ಆ ಕೊನೆಯ ಸಾಲನ್ನು ತೆಗೆಸಿ.

ಇಂತಿ,
ನಿಮ್ಮ ಶಿಬಿರದ ಊರಿನವರಲ್ಲೊಬ್ಬರು