ಸುಳಿ ನೋಡುವ ಇಂಜಿನಿಯರ್

ವಿಜಯಪುರ ಜಿಲ್ಲೆಯ ಡೋಣಿ ದಂಡೆಯ ಸಾರವಾಡದಂಥ ಊರುಗಳಲ್ಲಿ 2020ರ ಲಾಕ್‌ಡೌನ್ ಆದಮೇಲೆ ಹೊಸ ನಮೂನೆಯ ಮನುಷ್ಯನೊಬ್ಬ ಕಾಣಿಸಿಕೊಂಡಿದ್ದಾನೆ: ಬೆಂಗಳೂರು ಕಂಪನಿಯ ಲ್ಯಾಪ್‌ಟಾಪನ್ನು ಪಡಸಾಲೆಯಲ್ಲಿ ತೆರೆದು ಕುಳಿತ ಆ್ಯಪ್ ಇಂಜಿನಿಯರ್. ಹಗಲು ಕಂಪನಿಯ ಕೆಲಸ, ರಾತ್ರಿ ಸ್ವಂತದ ಆ್ಯಪ್. ತಿಕೋಟಾ, ಬಬಲೇಶ್ವರದ ಬೆಳೆಗಾರರಿಗೆ ಒಣದ್ರಾಕ್ಷಿಯ ದಿನದ ದರ ತೋರಿಸುವ ಆ್ಯಪ್ ಎಂದೇ ಇಟ್ಟುಕೊಳ್ಳಿ. ಕೋಡ್ ಬರೆದು ಮುಗಿದ ಮೇಲೆ ದ್ರಾಕ್ಷಿ ಎರಡು ಸಲ ಒಣಗಿ ಮಾರಾಟವಾಗಿದೆ. ಆ್ಯಪ್ ಮಾತ್ರ ಇನ್ನೂ ಒಬ್ಬರ ಫೋನಿಗೂ ಇಳಿದಿಲ್ಲ. ಕಟ್ಟೆಯ ಮೇಲಿನವರು "ಏನಪಾ ತಮ್ಮಾ, ಎಲ್ಲಿಗ ಬಂತು ನಿನ್ನ ಆ್ಯಪು?" ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಟೂಲ್ ಇನ್ನೂ ಫೈನಲ್ ಆಗಿಲ್ರಿ ಕಾಕಾ." ಟೂಲ್ ಎಂದರೆ ಇಷ್ಟೇ: ಕೋಡ್ ಬದಲಾದಾಗಲೆಲ್ಲ ಎಲ್ಲೋ ಒಂದು ಯಂತ್ರ ತಾನಾಗಿಯೇ ಆ್ಯಪ್ ಕಟ್ಟಿ, ಪರೀಕ್ಷಿಸಿ, ಪ್ಲೇ ಸ್ಟೋರಿಗೆ ಕಳಿಸುವ ವ್ಯವಸ್ಥೆ. ಅದಿಲ್ಲದೆ ಮೊದಲ ಸಲ ಆ್ಯಪ್ ಹೊರಬಿಡಲು ಆಗುವುದೇ ಇಲ್ಲವೇ? ಧಾರಾಳವಾಗಿ ಆಗುತ್ತದೆ. ಇದನ್ನು ಮಾತ್ರ ಕಾಕಾನಿಗೆ ಯಾರೂ ಹೇಳಿಲ್ಲ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ತೊರವಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಅಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ಬಾಲ ತಿರುವಿ, ಕೊನೆಗೆ ಬರಿಗೈಯಲ್ಲಿ ಮನೆಗೆ ಬರುವವನೊಬ್ಬ ಪ್ರತಿ ವರ್ಷ ಇರುತ್ತಾನೆ. ನಮ್ಮ ಇಂಜಿನಿಯರ್ ಅವನ ಮೊಮ್ಮಗ. ಟೂಲ್‌ಗಳನ್ನು ಹೋಲಿಸುವ ಇವನ ಎಕ್ಸೆಲ್ ಹಾಳೆ ನೋಡುವಂಥದ್ದು. ಮೊದಲ ಸಾಲು ಜೆಂಕಿನ್ಸ್: ಪುಕ್ಕಟೆ, ಆದರೆ ಸರ್ವರ್ ನಮ್ಮದೇ ಬೇಕು. ಪಕ್ಕದ ಟಿಪ್ಪಣಿಯಲ್ಲಿ, ಅದು ಒರಾಕಲ್ ಜೊತೆಗಿನ ಹೆಸರಿನ ತಕರಾರಿನಿಂದ 2011ರಲ್ಲಿ ಹಡ್ಸನ್‌ನಿಂದ ಬೇರೆಯಾದ ಇತಿಹಾಸ. (ಪಾಲು ಹಂಚಿಕೆಯ ಕಥೆ, ಊರವರಿಗೆ ಥಟ್ಟನೆ ತಿಳಿದೀತು.) ಆಮೇಲೆ ಹಂಗೇರಿಯ ಬಿಟ್‌ರೈಸ್, ಎಸ್ಟೋನಿಯಾದ ಕೋಡ್‌ಮ್ಯಾಜಿಕ್, ಗಿಟ್‌ಹಬ್ ಆ್ಯಕ್ಷನ್ಸ್, ಆ್ಯಪಲ್‌ನ ಎಕ್ಸ್‌ಕೋಡ್ ಕ್ಲೌಡ್. ಉಚಿತ ನಿಮಿಷಗಳೆಷ್ಟು, ಗಿಟ್‌ಹಬ್ ತನ್ನ ಉಚಿತ ಲೆಕ್ಕದಲ್ಲಿ ಮ್ಯಾಕ್ ಯಂತ್ರದ ಒಂದು ನಿಮಿಷವನ್ನು ಹತ್ತು ನಿಮಿಷವೆಂದು ಎಣಿಸುತ್ತ ಬಂದದ್ದು ನ್ಯಾಯವೋ ಅನ್ಯಾಯವೋ, ಎಲ್ಲಕ್ಕೂ ಒಂದೊಂದು ಕಾಲಂ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ದ್ರಾಕ್ಷಿ ಬೆಳೆಗಾರನಿಗೆ ಒಂದು ಕಾಲಂ ಇಲ್ಲ.

ಇದನ್ನು ಸೋಮಾರಿತನ ಎಂದು ಬೈದರೆ ತಪ್ಪಾಗುತ್ತದೆ. ಸೋಮಾರಿಯಾದವನು ನಡುರಾತ್ರಿಯವರೆಗೆ ಕೂತು ದರಪಟ್ಟಿ ಓದುವುದಿಲ್ಲ. ಇದು ಅಂಜಿಕೆ, ಅದೂ ಬುದ್ಧಿವಂತರ ಅಂಜಿಕೆ. ಆ್ಯಪ್ ಹೊರಗೆ ಬಂದ ದಿನ ಯಾರಾದರೂ "ಇದರಾಗ ನಿನ್ನಿ ರೇಟ್ ತೋರಸತೈತಲ್ಲೋ" ಎಂದು ಅಂದೇ ಅನ್ನುತ್ತಾರೆ. ಟೂಲ್ ಹುಡುಕುತ್ತಿರುವ ತನಕ ಆ ಮಾತಿಲ್ಲ. ಮೇಲಾಗಿ ಹುಡುಕಾಟ ಕೆಲಸದ ಹಾಗೆಯೇ ಕಾಣುತ್ತದೆ. ಮನೆಯವರು ಚಹಾ ಕೂಡ ತಂದುಕೊಡುತ್ತಾರೆ.

ಅವನ ಕಡೆಯ ವಾದವೂ ಹಗುರವಲ್ಲ. ತಪ್ಪು ಟೂಲಿಗೆ ಕೈಹಾಕಿ ಮುಂದೆ ಅದೇ ನಿಂತುಹೋದರೆ ಗತಿಯೇನು ಎಂದು ಕೇಳುತ್ತಾನೆ, ಸಾಕ್ಷಿಯನ್ನೂ ಕೊಡುತ್ತಾನೆ: ಮೈಕ್ರೋಸಾಫ್ಟ್‌ನಂಥ ಕಂಪನಿ ತನ್ನ ಆ್ಯಪ್ ಸೆಂಟರನ್ನು 2025ರ ಮಾರ್ಚ್ 31ಕ್ಕೆ ನಿಲ್ಲಿಸಿತು, ನೆಚ್ಚಿಕೊಂಡವರೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ನಿಜ. ಆದರೆ ಈ ಸಾಕ್ಷಿ ಅವನಿಗೇ ತಿರುಗಿ ಬೀಳುತ್ತದೆ. ದೊಡ್ಡ ಕಂಪನಿ, ಒಳ್ಳೆಯ ಹೆಸರು ಎಂದು ಅವನ ಹಾಳೆಯಲ್ಲಿ ಹಸಿರು ಬಣ್ಣ ಪಡೆಯಬೇಕಾಗಿದ್ದದ್ದು ಅದೇ ತಾನೆ? ಸುಳಿ ನೋಡಿ ಎತ್ತಿನ ಆಯುಷ್ಯ ತಿಳಿಯುವುದಿಲ್ಲ. ಕಟ್ಟುವ, ಕಳಿಸುವ ಆಜ್ಞೆಗಳನ್ನು ತನ್ನದೇ ಸ್ಕ್ರಿಪ್ಟಿನಲ್ಲಿ, ಬೇಕಾದರೆ 2014ರಲ್ಲಿ ಫೆಲಿಕ್ಸ್ ಕ್ರೌಸ್ ಶುರುಮಾಡಿದ ಫಾಸ್ಟ್‌ಲೇನ್‌ನಲ್ಲಿ, ಬರೆದಿಟ್ಟುಕೊಂಡವನಿಗೆ ಯಂತ್ರ ಯಾರದಾದರೂ ನಡೆಯುತ್ತದೆ. ಒಂದು ಮುಚ್ಚಿದರೆ ಇನ್ನೊಂದರಲ್ಲಿ ಅದೇ ಆಜ್ಞೆ ಓಡುತ್ತದೆ. ಹಾಗಾದರೆ ಎಲ್ಲ ಕೈಯಿಂದಲೇ ಮಾಡಬೇಕೇ ಎಂಬುದು ಎರಡನೆಯ ತಕರಾರು. ಬೇಡ. ಹೊಸ ಆವೃತ್ತಿಯ ವರ್ಷನ್ ಕೋಡ್ ಹಿಂದಿನದಕ್ಕಿಂತ ದೊಡ್ಡದಿರದಿದ್ದರೆ ಪ್ಲೇ ಸ್ಟೋರ್ ಫೈಲನ್ನು ಒಳಗೇ ಬಿಡುವುದಿಲ್ಲ. ಮನುಷ್ಯ ಅದನ್ನು ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಆದರೆ ನಾಲ್ಕು ಸಲ ಕೈಯಿಂದ ಮಾಡಿದವನಿಗೇ ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬುದು ಗೊತ್ತಾಗುವುದು. ಒಮ್ಮೆಯೂ ಬಿಡುಗಡೆ ಮಾಡದವನು ಬಿಡುಗಡೆಯ ಟೂಲ್ ಆರಿಸಿದರೆ ಏನನ್ನು ಅಳೆಯುತ್ತಾನೆ?

ಮ್ಯಾಕ್ ಪ್ರಶ್ನೆಯಂತೂ ಇಲ್ಲಿ ಬರೀ ಶೋಕಿ. ಐಫೋನ್ ಆ್ಯಪ್ ಕಟ್ಟಲು ಮ್ಯಾಕ್ ಬೇಕೇ ಬೇಕು, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ತೆರಬೇಕು. ಅದಕ್ಕೆ ತಿಂಗಳಿಗೆ 25 ಗಂಟೆ ಎಕ್ಸ್‌ಕೋಡ್ ಕ್ಲೌಡ್ ಸಿಗುತ್ತದೆಂಬ ಸಮಾಧಾನವೂ ಉಂಟು. ಆದರೆ ದ್ರಾಕ್ಷಿ ಒಣಹಾಕುವ ರ‍್ಯಾಕಿನ ಕೆಳಗೆ ನಿಂತು ದರ ನೋಡುವವನ ಕೈಯಲ್ಲಿರುವುದು ಆಂಡ್ರಾಯ್ಡ್. ಪ್ಲೇ ಸ್ಟೋರಿನ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಿದರೆ ಮುಗಿಯಿತು.

ನಿಜವಾದ ಅಡ್ಡಿ ಇರುವುದು ಹಾಳೆಯಲ್ಲಿಲ್ಲದ ಕಡೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಜನ ಪರೀಕ್ಷಕರು ಸತತ 14 ದಿನ ಪರೀಕ್ಷೆಯಲ್ಲಿ ಉಳಿಯದೆ ಗೂಗಲ್ ಆ್ಯಪನ್ನು ಎಲ್ಲರಿಗೆ ಬಿಡಲು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಇಳಿಸಿದರು. ಈ 12 ಜನರನ್ನು ಜೆಂಕಿನ್ಸ್ ಕೊಡುವುದಿಲ್ಲ, ಎಸ್ಟೋನಿಯಾವೂ ಕೊಡುವುದಿಲ್ಲ. ಚಹಾದಂಗಡಿಗೆ ಹೋಗಿ "ಕಾಕಾ, ನಿಮ್ಮ ಜೀಮೇಲ್ ಕೊಡ್ರಿ" ಎನ್ನಬೇಕು. "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನಾವ್ರು ಹೇಳ್ಯಾರೋ ತಮ್ಮಾ" ಎಂಬ ಉತ್ತರ ಕೇಳಿ, ಇದು ಆ ಓಟಿಪಿಯಲ್ಲ ಎಂದು ತಿಳಿಸಿ ಹೇಳಬೇಕು. ಹಂಗೇರಿಯ ದರಪಟ್ಟಿ ಓದುವುದಕ್ಕಿಂತ ಇದು ಕಷ್ಟದ ಕೆಲಸ, ಅದಕ್ಕೇ ಮುಂದಕ್ಕೆ ಹೋಗುತ್ತಿದೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ನಿಮ್ಮ ಓಣಿಯಲ್ಲಿ ಇಂಥವನಿದ್ದರೆ ಟೂಲಿನ ಸುದ್ದಿ ಎತ್ತಬೇಡಿ, ನೀವೇ ಹೋಗಿ ಜೀಮೇಲ್ ಬರೆದುಕೊಡಿ, 14 ದಿನ ಪರೀಕ್ಷೆಯಿಂದ ಹೊರಗೆ ಬರಬೇಡಿ.