ಆಫ್ ಮಾಡಿ, ಆನ್ ಮಾಡಿ

ಗೆ,
ಕಸ್ಟಮರ್ ಕೇರ್ ವಿಭಾಗದ ಮುಖ್ಯಸ್ಥರು,
ಮನೆ ಮನೆಗೆ ನೆಟ್ ಕೊಡುವ ಒಂದು ಕಂಪನಿ, ಪುಣೆ

ವಿಷಯ: ಕೋಥ್ರುಡ್‌ನ ಮನೆಯೊಂದರಲ್ಲಿ ನೆಟ್ ಇಲ್ಲದಿರುವುದು ಮತ್ತು ಇದೆಯೆಂದು ಕಂಪನಿಯ ದಾಖಲೆ ಹೇಳುತ್ತಿರುವುದು

ಮಾನ್ಯರೇ,

ಫೈಬರ್ ರೌಟರ್‌ನ ಮುಖದ ಮೇಲೆ ನಾಲ್ಕೈದು ದೀಪಗಳಿರುತ್ತವೆ. ಪವರ್ ದೀಪ ಉರಿದರೆ ಕರೆಂಟ್ ಇದೆ. ಪಾನ್ ದೀಪ ಹಸಿರಾಗಿ ನಿಂತರೆ ಕಂಪನಿಯ ಯಂತ್ರದೊಡನೆ ಸಂಪರ್ಕ ಕೂಡಿದೆ, ಮಿನುಗುತ್ತಿದ್ದರೆ ಇನ್ನೂ ಕೂಡಿಲ್ಲ. ಎಲ್‌ಓಎಸ್ ಎಂಬ ದೀಪ ಎಲ್ಲ ಸರಿಯಿದ್ದಾಗ ಉರಿಯುವುದೇ ಇಲ್ಲ. ಅದು ಕೆಂಪಾಯಿತೆಂದರೆ ಹೊರಗಿನಿಂದ ಬರಬೇಕಾದ ಬೆಳಕು ಬರುತ್ತಿಲ್ಲ. ಇಷ್ಟೂ ಸಂಗತಿ ರೌಟರ್ ಡಬ್ಬಿಯೊಳಗಿನ ಚೀಟಿಯಲ್ಲಿದೆ. ಆ ಚೀಟಿ ಗ್ರಾಹಕರಿಗೆ ತಲುಪಿದೆ, ಕಸ್ಟಮರ್ ಕೇರ್‌ಗೆ ತಲುಪಿದಂತಿಲ್ಲ. ಆದ್ದರಿಂದ ಈ ಪತ್ರ.

ಆಫ್ ಮಾಡಿ ಆನ್ ಮಾಡುವ ಚಿಕಿತ್ಸೆಯನ್ನು ಹೀಗಳೆಯುವಂತಿಲ್ಲ. ರೌಟರ್ ಕೂಡ ಒಂದು ಪುಟ್ಟ ಕಂಪ್ಯೂಟರೇ. ತಿಂಗಳುಗಟ್ಟಲೆ ಒಂದೇ ಸಮನೆ ಓಡಿದರೆ ಮೆಮೊರಿ ತುಂಬಿ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಹೊಸದಾಗಿ ಶುರುವಾಗುತ್ತದೆ. ಪುಣೆಯಲ್ಲಂತೂ ದುರಸ್ತಿಯ ಹೆಸರಿನಲ್ಲಿ ಗುರುವಾರ ಕರೆಂಟ್ ತೆಗೆಯುವ ರೂಢಿ ಇರುವುದರಿಂದ ಈ ಚಿಕಿತ್ಸೆ ಪುಕ್ಕಟೆಯಾಗಿಯೇ ಆಗುತ್ತಿರುತ್ತದೆ. ರೌಟರ್ ತಾನಾಗಿಯೇ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುತ್ತಿದ್ದರೆ ಅಡಾಪ್ಟರ್ ಮುದಿಯಾಗಿರಬಹುದು. ಅದರ ಮೇಲೆ ಬರೆದಷ್ಟೇ ವೋಲ್ಟ್ ಮತ್ತು ಆಂಪಿಯರ್‌ನ ಬೇರೊಂದು ತಂದು ನೋಡಬೇಕು.

ದೀಪಗಳೆಲ್ಲ ಸರಿಯಿದ್ದೂ ಫೋನಿನಲ್ಲಿ ವಿಡಿಯೋ ಗಿರಗಿರ ಸುತ್ತುತ್ತಿದ್ದರೆ ಮೊದಲು ವೈಫೈ ಮೇಲೆ ಅನುಮಾನಪಡಬೇಕು. ಲ್ಯಾಪ್‌ಟಾಪ್‌ಗೆ ನೇರವಾಗಿ ವಯರ್ ಹಾಕಿದಾಗ ವೇಗ ಬಂದರೆ ಕಂಪನಿಯನ್ನು ಬೈದು ಫಲವಿಲ್ಲ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ಚುರುಕು, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಸೊಸೈಟಿಯ ಪ್ರತಿ ಫ್ಲ್ಯಾಟ್‌ನಲ್ಲೂ ಒಂದೊಂದು ರೌಟರ್ ಇರುವಾಗ ಅವು ಕಿತ್ತಾಡದೆ ಇನ್ನೇನು ಮಾಡಿಯಾವು? ಇದೇ ಪುಣೆ ಜಿಲ್ಲೆಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳ ರೇಡಿಯೊ ದೂರದರ್ಶಕವಿದೆ. 880 ಕೋಟಿ ವರ್ಷಗಳ ಹಿಂದೆ ಹೊರಟ ಹೈಡ್ರೋಜನ್ ಸಂಕೇತವೊಂದನ್ನು ಅದರ ದತ್ತಾಂಶದಲ್ಲಿ ಹೆಕ್ಕಿ ತೆಗೆದಿದ್ದಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2023ರ ಜನವರಿಯಲ್ಲಿ ಪ್ರಕಟಿಸಿದರು. ಕೋಥ್ರುಡ್‌ನಲ್ಲಿ ಸಿಗ್ನಲ್ ಹಾಲ್‌ನಿಂದ ಬೆಡ್‌ರೂಮಿಗೆ ಹೋಗುವುದಿಲ್ಲ. ಖೋಡದ್‌ಗೂ ಇದೇ ಕಸ್ಟಮರ್ ಕೇರ್ ಇದ್ದಿದ್ದರೆ ಮೂವತ್ತೂ ಡಿಶ್‌ಗಳನ್ನು ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದರು.

ಇನ್ನು ಕೆಂಪು ದೀಪ. ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಸಾಧನ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್‌ನದು, ಮನೆಯಿಂದ ಹೋಗುವುದು 1310ರದು. ಎರಡೂ ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ರೌಟರ್‌ಗೆ ಈ ಬೆಳಕು ಮೈನಸ್ 27 ಡಿಬಿಎಂವರೆಗೆ ಸಿಕ್ಕರೂ ಸಾಕು, ಅಂದರೆ ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಎರಡು ಪಾಲು. ಅಷ್ಟೂ ಸಿಗದಿದ್ದರೆ ಅದಕ್ಕೆ ಕಣ್ಣೇ ಕಾಣುವುದಿಲ್ಲ. ಬೆಳಕು ಹರಿಯುವ ಗಾಜಿನ ತಿರುಳು 9 ಮೈಕ್ರಾನ್ ದಪ್ಪ, ಹೊರಗವಚ ಸೇರಿ 125 ಮೈಕ್ರಾನ್. ಮೊಳೆಗೆ ಬಿಗಿಯಾಗಿ ಸುತ್ತಿದರೂ ಬೆಳಕು ಸೋರುತ್ತದೆ. ಇಷ್ಟು ನಾಜೂಕಿನ ವಸ್ತುವನ್ನು ಪುಣೆಯಲ್ಲಿ ಟೆರೇಸಿನಿಂದ ಟೆರೇಸಿಗೆ ಎಸೆದು, ಬೀದಿದೀಪದ ಕಂಬಕ್ಕೆ ಬಿಗಿದು, ಮರದ ಕೊಂಬೆಗೆ ಸಿಕ್ಕಿಸಿರುತ್ತಾರೆ. ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವವರು ಬರುತ್ತಾರೆ, ರಸ್ತೆ ಅಗೆಯುವವರು ವರ್ಷವಿಡೀ ಬರುತ್ತಾರೆ, ಗಣೇಶನ ಮಂಟಪಕ್ಕೆ ಬಿದಿರು ನೆಡುವವರೂ ಬರುತ್ತಾರೆ. ಬಾರದಿರುವವರು ವಯರ್ ಜೋಡಿಸುವವರು ಮಾತ್ರ.

ಜೋಡಿಸುವುದು ಬ್ರಹ್ಮವಿದ್ಯೆಯಲ್ಲ. ಪವರ್ ಮೀಟರ್ ಹಿಡಿದು ಬೆಳಕು ಎಲ್ಲಿಯವರೆಗೆ ಬರುತ್ತಿದೆ ಎಂದು ನೋಡಬೇಕು. ಕೆಂಪು ಲೇಸರ್ ಹಾಯಿಸಿದರೆ ತುಂಡಾದ ಕಡೆ ಅದು ಹೊರಗೆ ಹೊಳೆಯುತ್ತದೆ. ಎರಡೂ ತುದಿಗಳನ್ನು ಒರೆಸಿ ಚೊಕ್ಕವಾಗಿ ಕತ್ತರಿಸಿ ಸ್ಪ್ಲೈಸಿಂಗ್ ಮಷಿನ್‌ನಲ್ಲಿಟ್ಟರೆ ವಿದ್ಯುತ್ ಕಿಡಿ ಗಾಜನ್ನು ಕರಗಿಸಿ ಬೆಸೆಯುತ್ತದೆ. ಕೆಲವೇ ನಿಮಿಷದ ಕೆಲಸ. ಆದರೆ ಈ ಕೆಲಸ ಮಾಡುವ ಗುಂಡಿ ರೌಟರ್‌ನಲ್ಲಿಲ್ಲ. ಮನೆಯೊಳಗೆ ಕೂತು ಏನೇ ಆಫ್ ಮಾಡಿ ಏನೇ ಆನ್ ಮಾಡಿದರೂ ಬೀದಿಯಲ್ಲಿ ತುಂಡಾದ ಗಾಜು ಕೂಡುವುದಿಲ್ಲ.

ಪ್ರಸ್ತುತ ಪ್ರಕರಣದಲ್ಲಿ ತುಂಡನ್ನು ಹುಡುಕುವ ತೊಂದರೆಯೂ ಇಲ್ಲ. ಗುಲ್‌ಮೊಹರ್ ಕೊಂಬೆಯ ಜೊತೆಗೇ ಕಡಿದುಹೋದ ಕಪ್ಪು ವಯರ್ ಎರಡನೇ ಮಹಡಿಯ ಬಾಲ್ಕನಿಯೆದುರು ಒಣಹಾಕಿದ ಬಟ್ಟೆಗಳಿಗೆ ತಾಗುತ್ತ ನೇತಾಡುತ್ತಿದೆ. ಸಿಪ್ಪೆ ಸುಲಿದ ತುದಿಯಲ್ಲಿ ಬಿಳಿ ದಾರದ ಚೂರು ಕಾಣುತ್ತದೆ. ಫೋಟೋ ತೆಗೆದು ಕಳಿಸಲಾಯಿತು. ಬಂದ ಉತ್ತರ: “ಡಿಯರ್ ಕಸ್ಟಮರ್, ದಯವಿಟ್ಟು ರೌಟರ್ ಆಫ್ ಮಾಡಿ ಆನ್ ಮಾಡಿ.”

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಓಟಿಪಿ, ಅಂದರೆ ಕೆಲಸ ಮುಗಿಯಿತೆಂದು ದೂರು ಮುಚ್ಚಲು ಗ್ರಾಹಕರ ಫೋನಿಗೆ ಬರುವ ಗುಪ್ತಸಂಖ್ಯೆ. ಇಡೀ ದಿನ ಕಾದ ಮೇಲೆ ಸಂಜೆ ದುರಸ್ತಿಗೆ ಬರಬೇಕಾದ ಹುಡುಗನ ಫೋನ್ ಬರುತ್ತದೆ: “ಸರ್, ಓಟಿಪಿ ಆಲಾ ಅಸೇಲ್, ಸಾಂಗಾ ನಾ.” ಓಟಿಪಿ ಬಂದಿರುತ್ತದೆ, ಹೇಳಿ ಎಂದು. ಕೆಲಸವೇ ಆಗಿಲ್ಲವಲ್ಲ ಎಂದರೆ, “ಉದ್ಯಾ ನಕ್ಕಿ ಯೇತೋ.” ನಾಳೆ ಖಂಡಿತ ಬರುತ್ತಾನಂತೆ, ಇವತ್ತು ಓಟಿಪಿ ಬೇಕಂತೆ. ಗಡುವಿನೊಳಗೆ ಟಿಕೆಟ್ ಕ್ಲೋಸ್ ಆಗದಿದ್ದರೆ ತನ್ನ ದುಡ್ಡು ಹಿಡಿಯುತ್ತಾರೆ ಎಂದು ಆ ಹುಡುಗ ಅಳಲು ತೋಡಿಕೊಳ್ಳುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ಏಣಿಯನ್ನೂ ಮಷಿನನ್ನೂ ಕೊಡದೆ ಗಡುವನ್ನು ಮಾತ್ರ ಕೊಟ್ಟು ಕಳಿಸಿದವರ ಮೇಲೆ ಸಿಟ್ಟು. ಓಟಿಪಿ ಕೊಡದಿದ್ದರೆ ರಾತ್ರಿ ಮೆಸೇಜ್ ಬರುತ್ತದೆ: ಗ್ರಾಹಕರು ಮನೆಯಲ್ಲಿರಲಿಲ್ಲ, ದೂರು ಮುಕ್ತಾಯ. ಆಫೀಸಿಗೆ ರಜೆ ಹಾಕಿ, ಬೆಲ್ ಕೇಳಿಸದೆ ಹೋದೀತೆಂದು ಮಿಕ್ಸಿ ಕೂಡ ಹಾಕದೆ ಕಾದವರಿಗೆ ಮನೆಯಲ್ಲಿರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಇದಕ್ಕೆ ವಿಡಂಬನೆಯ ಭಾಷೆ ಸಾಲದು.

ಈ ಸುಳ್ಳಿಗೆ ಬೆಲೆಯೂ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹಾಕಬಹುದು, ಅದನ್ನು 39 ದಿನಗಳೊಳಗೆ ಇತ್ಯರ್ಥ ಮಾಡಬೇಕು. ದೂರು ಸಂಜೆಗೆ ಹುಟ್ಟಿ ರಾತ್ರಿಗೆ ಮುಕ್ತಾಯವಾಗುತ್ತಿದ್ದರೆ ದಾಖಲೆಯಲ್ಲಿ ಕಂಪನಿಯ ಸೇವೆ ಅಮೋಘ. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗ ಬೇಕು. ನೇತಾಡುವ ವಯರಿನ ವೇಗ ಸೊನ್ನೆ; ಬಿಲ್ಲು ಪೂರ್ತಿ.

ಪುಣೆಯ ಹಳೆ ಪೇಟೆಗಳ ಅಂಗಡಿಗಳಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚಿರುತ್ತದೆ ಎಂದು ಮುಲಾಜಿಲ್ಲದೆ ಬೋರ್ಡ್ ಹಾಕುತ್ತಿದ್ದರು. ಊರೆಲ್ಲ ನಕ್ಕಿತು, ಆದರೆ ಯಾರೂ ಮೋಸ ಹೋಗಲಿಲ್ಲ. ಕಂಪನಿಯೂ ಒಂದು ಬೋರ್ಡ್ ಹಾಕಬಹುದು: “ಇಲ್ಲಿ ದುರಸ್ತಿ ಮಾಡುವುದಿಲ್ಲ. ಆಫ್ ಮಾಡಿ, ಆನ್ ಮಾಡಿ. 1ರಿಂದ 4ರವರೆಗೆ ಅದನ್ನೂ ಹೇಳುವುದಿಲ್ಲ.”

ಬೋರ್ಡ್ ಹಾಕುವ ಮನಸ್ಸಿಲ್ಲದಿದ್ದರೆ ಒಂದು ಏಣಿ, ಒಂದು ಪವರ್ ಮೀಟರ್, ಒಂದು ಸ್ಪ್ಲೈಸಿಂಗ್ ಮಷಿನ್ ಮತ್ತು ಅದನ್ನು ಬಳಸಲು ಬಲ್ಲ ಒಬ್ಬರನ್ನು ಕಳಿಸಿಕೊಡಬೇಕಾಗಿ ವಿನಂತಿ. ನೆಟ್ ಬಂದ ಮೇಲೆ ಓಟಿಪಿ ಕೊಡಲಾಗುವುದು. ಅದಕ್ಕೆ ಮುಂಚೆ ಇಲ್ಲ.

ಇಂತಿ,
ದಾಖಲೆಯ ಪ್ರಕಾರ ಮನೆಯಲ್ಲಿಲ್ಲದ ಗ್ರಾಹಕ